ಏಳನೇ ತೂಬಿನ ನೀರುಗಂಟಿ

ಬೇವಿನಕುಂಟೆಯ ಚಿಕ್ಕಬೈರಪ್ಪನ ಹೆಸರಿಗೆ ‘ಅಪ್ಪ’ ಸೇರಿಕೊಂಡಾಗ ಅವನಿಗೆ ಐವತ್ತೆರಡು ವರ್ಷ. ಅಲ್ಲಿಯವರೆಗೆ ಊರಿಗೆಲ್ಲ ಅವನು ಬರೀ ಬೈರ. ಹಲ್ಲು ಬಿದ್ದ ಮುದುಕರೂ ‘ಲೇ ಬೈರ’ ಎನ್ನುತ್ತಿದ್ದರು, ಹಲ್ಲು ಹುಟ್ಟುವ ಕೂಸುಗಳೂ ಅದನ್ನೇ ಕಲಿಯುತ್ತಿದ್ದವು. 1963ರ ಆಷಾಢದಲ್ಲಿ ನೀರಿನ ಆಫೀಸಿನವರು ಹಾಜರಿ ಪುಸ್ತಕದಲ್ಲಿ ‘ಚಿಕ್ಕಬೈರಪ್ಪ, ತೂಬಿನ ಆಳು’ ಎಂದು ಬರೆದು ಗಟ್ಟಿಯಾಗಿ ಓದಿದಾಗ, ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಅವನು ಹಿಂದೆ ತಿರುಗಿ ನೋಡಿದ. ಆ ಹೆಸರು, ಆ ಕೆಲಸ, ಒಂಬತ್ತೇ ತಿಂಗಳಲ್ಲಿ ಅವನ ಕೈತಪ್ಪುವುದರಲ್ಲಿತ್ತು. ಕೆಲಸ ಹೋದರೆ ಹೋಗಲಿ. ಒಂದು ಜೀವವೇ ಹೋಗುವುದರಲ್ಲಿತ್ತು.

ಮೂವತ್ತು ವರ್ಷ ಅವನು ಊರಿನ ನೀರುಗಂಟಿಯಾಗಿದ್ದ. ನೀರುಗಂಟಿ ಎಂದರೆ ಕೆರೆಯ ತೂಬು ತೆಗೆದು, ಕಾಲುವೆಯ ಜೊತೆ ನಡೆದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವವನು. ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಯಾಕೆ ಎಂದು ಗಾದೆ ಕಟ್ಟಿದವರು ಹೊಳೆ ದಂಡೆಯವರೇ ಇರಬೇಕು. ಕೆರೆ ನಂಬಿದ ನಮ್ಮ ಕಡೆ ಅಪ್ಪಣೆಯಿಲ್ಲದೆ ಒಂದು ಬೊಗಸೆಯೂ ಕದಲುತ್ತಿರಲಿಲ್ಲ. ಬೈರನ ಹೆಗಲ ಮೇಲೆ ಗುದ್ದಲಿ ಇದ್ದಷ್ಟು ಹೊತ್ತು ಗೌಡರೂ ಬಾಯಿ ಮುಚ್ಚಿಕೊಂಡು ಸರದಿ ಕಾಯಬೇಕಿತ್ತು. ಗುದ್ದಲಿ ಇಳಿಸಿದನೋ, ಅವನು ಊರಾಚೆಯ ಕೇರಿಯವನು. ಅವನು ಹರಿಸಿದ ನೀರಿನಲ್ಲಿ ಬೆಳೆದ ಭತ್ತವನ್ನು ಊರೆಲ್ಲ ಉಣ್ಣುತ್ತಿತ್ತು, ಆದರೆ ಊರ ಸಿಹಿನೀರ ಬಾವಿಯ ಕಟ್ಟೆಯನ್ನು ಅವನು ಹತ್ತುವಂತಿರಲಿಲ್ಲ. ಹರಿಯುವ ನೀರಿಗೆ ಮೈಲಿಗೆ ಇಲ್ಲ, ನಿಂತ ನೀರಿಗೆ ಉಂಟು. ಈ ಲೆಕ್ಕ ಹಾಕಿದ ಪುಣ್ಯಾತ್ಮ ಯಾರೋ. ಇದೆಲ್ಲ ತಪ್ಪು ಎಂದು ಕಾನೂನು ಬಂದು ಏಳೆಂಟು ವರ್ಷವಾಗಿತ್ತು. ಅದು ಕನಕಪುರ ರಸ್ತೆಯವರೆಗೆ ಬಸ್ಸಿನಲ್ಲಿ ಬಂದು, ಜರಗನಹಳ್ಳಿಯಲ್ಲಿ ಇಳಿದು, ಅಲ್ಲೇ ಎಲ್ಲೋ ಕೂತುಬಿಟ್ಟಿತ್ತು.

ಆಮೇಲೆ ಜಯನಗರ ಬೆಳೆಯಿತು. ಬ್ಲಾಕಿನ ಮೇಲೆ ಬ್ಲಾಕು ಎದ್ದಂತೆ ಕೆರೆಗೆ ಬರುತ್ತಿದ್ದ ಹಳ್ಳಗಳ ಮೇಲೆ ರಸ್ತೆ ಬಿತ್ತು, ಮನೆ ಎದ್ದಿತು. ಬೇವಿನಕುಂಟೆಯ ಕೆರೆ ಮೂರು ವರ್ಷದಲ್ಲಿ ದನ ಮೇಯುವ ಬಯಲಾಯಿತು. ನೀರಿಲ್ಲದ ಊರಿನಲ್ಲಿ ನೀರುಗಂಟಿಗೆ ಏನು ಕೆಲಸ? ಬೈರ ದಿನವೂ ಏರಿಯ ಮೇಲೆ ಹೋಗಿ ಕೂತು ಬರುತ್ತಿದ್ದ. ಅವನ ಹೆಂಡತಿ ಮುನಿಲಕ್ಷ್ಮಮ್ಮ ಜಯನಗರದ ಮನೆ ಕಟ್ಟುವಲ್ಲಿ ಜಲ್ಲಿ ಹೊರುತ್ತಿದ್ದಳು.

ಆಗ ಸೈಕಲ್ ಏರಿ ಬಂದವನು ಇಂಜಿನಿಯರ್ ತಿರುಮಲೇಶ. ಇಪ್ಪತ್ತೆಂಟರ ಹುಡುಗ, ಜಯನಗರದ ಮೂರನೇ ಬ್ಲಾಕಿನವನು, ಪ್ಯಾಂಟಿಗೆ ಕ್ಲಿಪ್ಪು, ಕಂಕುಳಲ್ಲಿ ಸುತ್ತಿದ ನಕ್ಷೆ. ಜಯನಗರದ ಚರಂಡಿಗಳ ನೀರನ್ನೆಲ್ಲ ಒಂದೆಡೆ ಸೇರಿಸಿ, ಜಾಲರಿಯಲ್ಲಿ ಸೋಸಿ, ಮೂರು ದೊಡ್ಡ ತೊಟ್ಟಿಗಳಲ್ಲಿ ತಿಳಿಯಾಗಲು ಬಿಟ್ಟು, ಎರಡು ಮೈಲಿ ಕಾಲುವೆಯಲ್ಲಿ ಬೇವಿನಕುಂಟೆಯ ನೂರೆಂಬತ್ತು ಎಕರೆಗೆ ಹರಿಸುವುದು ಅವನ ಆಫೀಸಿನ ಯೋಜನೆ. ಅರಳಿಕಟ್ಟೆಯ ಕೆಳಗೆ ಊರನ್ನು ಕೂಡಿಸಿ ಅವನು ‘ಸಂಸ್ಕರಿಸಿದ ತ್ಯಾಜ್ಯ ಜಲ’ ಎಂದ. ಯಾರಿಗೂ ತಿಳಿಯಲಿಲ್ಲ. ‘ಸಲ್ಲೇಜ್ ವಾಟರ್’ ಎಂದ. ಅದೂ ತಿಳಿಯಲಿಲ್ಲ. ಕೊನೆಗೆ ಊರಿನ ದೊಡ್ಡ ಜಮೀನುದಾರ ಬೋರಣ್ಣಗೌಡರು ಬಾಯಿಬಿಟ್ಟು ಕೇಳಿದರು:

“ಏನ್ ಸಾರ್ ಸುತ್ತಿ ಬಳಸಿ ಹೇಳ್ತೀರ? ಮೋರಿ ನೀರು ತಾನೆ?”

ಎಲ್ಲರೂ ಎದ್ದು ಪಂಚೆ ಕೊಡವಿಕೊಂಡರು. ತಿರುಮಲೇಶನ ಮುಖ ಹುಳಿ ತಿಂದಂತಾಯಿತು. ಆಗ ದೂರದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಬೈರ ಮೆಲ್ಲಗೆ ಕೆಮ್ಮಿದ.

“ಗೌಡ್ರೆ, ತಪ್ಪು ತಿಳೀಬೇಡಿ. ನಿಮ್ಮನೇಲಿ ಅಕ್ಕಿ ತೊಳ್ದ ನೀರು, ಮಿಕ್ಕಿದ್ ಗಂಜಿ, ಎಲ್ಲಾ ಕಲಗಚ್ಚಿನ ಬಾನೀಗ್ ಸುರೀತೀರ. ಹಸ ಕುಡೀತೈತೆ. ಹಸಿನ ಹಾಲ ನೀವ್ ಕುಡೀತೀರ. ಯಾರ್ಗೂ ಮೈಲ್ಗೆ ಆಗಲ್ಲ. ಇದು ಜಯನಗರದ ಕಲಗಚ್ಚು. ಭೂಮ್ತಾಯಿ ಕುಡ್ಕೋತಾಳೆ, ಬಿಡಿ.”

ಎದ್ದವರು ತಿರುಗಿ ನೋಡಿದರು. ಆಮೇಲೆ ಯಾರೋ ನಕ್ಕರು. ನಗು ಬಂದ ಮೇಲೆ ಜಗಳ ಉಳಿಯುವುದಿಲ್ಲ. ಆವತ್ತಿನಿಂದ ಆ ನೀರಿಗೆ ಊರಲ್ಲಿ ಕಲಗಚ್ಚು ಎಂದೇ ಹೆಸರಾಯಿತು, ಆಫೀಸಿನ ಗುಮಾಸ್ತರೂ ಬಾಯಿತಪ್ಪಿ ಹಾಗೇ ಅನ್ನತೊಡಗಿದರು. ತಿರುಮಲೇಶ ಮಾರನೆಯ ದಿನವೇ ಬೈರನನ್ನು ಕೆಲಸಕ್ಕೆ ತೆಗೆದುಕೊಂಡ.

ಕೆಲಸ ನಡೆದ ಬಗೆಯನ್ನೂ ಹೇಳಬೇಕು. ತೊಟ್ಟಿ ಕಟ್ಟಿ ಮುಗಿಯಿತು, ಕಾಲುವೆ ಅಗೆದದ್ದೂ ಆಯಿತು, ಏಳು ಕಡೆ ಕಬ್ಬಿಣದ ಹಲಗೆಯ ತೂಬು ಕೂರಿಸಿ ಬಿಳಿ ಬಣ್ಣದಲ್ಲಿ ಒಂದರಿಂದ ಏಳು ಎಂದು ಬರೆದದ್ದೂ ಆಯಿತು. ಆಗ ಸಿಮೆಂಟು ನಿಂತುಹೋಯಿತು. ಪರ್ಮಿಟ್ಟಿಲ್ಲದೆ ಒಂದು ಚೀಲವೂ ಸಿಗದ ಕಾಲ. ಕಾಲುವೆಗೆ ಕಲ್ಲು ಕಟ್ಟಿ ಸಿಮೆಂಟು ಮೆತ್ತುವ ಕೆಲಸ ಏಳನೇ ತೂಬಿಗೇ ನಿಂತು, ಅದರ ಆಚೆಯ ಒಂದು ಫರ್ಲಾಂಗು ಬರೀ ಮಣ್ಣಾಗಿಯೇ ಉಳಿಯಿತು. ಮೇಲಿನ ಸಾಹೇಬರಿಗೆ ಅದೆಲ್ಲ ಬೇಡ. ಯುಗಾದಿಗೆ ನೀರು ಬಿಡಬೇಕು ಎಂದು ಕಾಗದ ಬಂತು. ತಿರುಮಲೇಶನ ತಲೆ ಚಿಟ್ಟುಹಿಡಿದುಹೋಗಿತ್ತು. ಯುಗಾದಿಗೆ ಎರಡು ದಿನ ಇರುವಾಗ ಬೈರನನ್ನು ಕರೆದು ಮೂರು ಮಾತು ಹೇಳಿದ.

“ನೋಡು ಚಿಕ್ಕಬೈರಪ್ಪ, ತೊಟ್ಟಿಗೆ ಬಂದ ನೀರು ಮೂರು ದಿನ ನಿಲ್ಲದೆ ಹೊರಗೆ ಬಿಡ್ಬೇಡ. ಸೀಮೆಹುಲ್ಲು, ಕಬ್ಬು, ಹಿಪ್ಪುನೇರಳೆಗೆ ಮಾತ್ರ ಬಿಡು, ಸೊಪ್ಪಿನ ಮಡಿಗೆ ಬೇಡವೇ ಬೇಡ. ಏಳನೇ ತೂಬು ತೆಗೀಬೇಡ, ಅಲ್ಲಿನ್ನೂ ಕೆಲಸ ಮುಗಿದಿಲ್ಲ. ತಿಳೀತಾ?”

“ತಿಳೀತು ಬುದ್ಧಿ.”

ಕೆಲಸ ಮುಗಿದಿಲ್ಲ ಎಂದನೇ ಹೊರತು ಯಾಕೆ ತೆಗೆಯಬಾರದು ಎಂದು ಅವನು ಹೇಳಲಿಲ್ಲ. ಮಣ್ಣಿನ ಕಾಲುವೆ ನೀರು ಹೀರಿ ದಂಡವಾಗುತ್ತದೆ, ಅದಕ್ಕೇ ಬೇಡವೆನ್ನುತ್ತಾರೆ ಎಂದು ಬೈರ ತಿಳಿದುಕೊಂಡ. ಓದಿದವರು ಅರ್ಧ ಹೇಳುತ್ತಾರೆ, ಓದದವರು ಉಳಿದರ್ಧವನ್ನು ತಾವೇ ತುಂಬಿಕೊಳ್ಳುತ್ತಾರೆ. ಎಲ್ಲ ತೂಬುಗಳ ಬೀಗಕ್ಕೂ ಒಂದೇ ಕೀಲಿಕೈ. ಅದು ಬೈರನ ಉಡುದಾರದಲ್ಲಿ ನೇತಾಡುತ್ತಿತ್ತು.

ಆದರೆ ನೀರುಗಂಟಿಗಳಿಗೆ ತಾತನ ತಾತನ ಕಾಲದಿಂದ ಒಂದು ಕಟ್ಟಳೆ ಇತ್ತು. ವರ್ಷದ ಮೊದಲ ನೀರು ಕಡೆಗದ್ದೆಗೆ. ತೂಬಿನ ಪಕ್ಕದ ಗದ್ದೆಯವನಿಗೆ ನೀರು ಹೇಗೂ ಸಿಗುತ್ತದೆ, ಕದ್ದಾದರೂ ಸಿಗುತ್ತದೆ. ಕಾಲುವೆಯ ತುದಿಯ ಗದ್ದೆಗೆ ನೀರುಗಂಟಿ ಬಿಟ್ಟರೆ ಬೇರೆ ಗತಿಯಿಲ್ಲ. ಅದಕ್ಕೇ ಮೊದಲ ದಿನ ಒಂದು ಗಳಿಗೆಯಾದರೂ ಕಡೆಗದ್ದೆ ನೆನೆಯಬೇಕು, ಇಲ್ಲದಿದ್ದರೆ ನೀರು ಮುನಿಯುತ್ತದೆ ಎಂದು ಅವನ ಅಪ್ಪ ಸಾಯುವಾಗಲೂ ಹೇಳಿ ಸತ್ತಿದ್ದ. ಈಗಿನ ಕಡೆಗದ್ದೆ ಏಳನೇ ತೂಬಿನದು, ಗಂಡ ಸತ್ತ ಮುನಿವೆಂಕಟಮ್ಮನದು. ಒಣಗಿದ ಎರಡು ಎಮ್ಮೆ, ಅರ್ಧ ಎಕರೆ ಸೀಮೆಹುಲ್ಲು, ಅಷ್ಟೇ ಆಕೆಯ ಬದುಕು. ಅವಳು ಬಂದು ಕೇಳಲೂ ಇಲ್ಲ. ಕಟ್ಟಳೆ ಕೇಳುವವರಿಗಾಗಿ ಇರುವುದಲ್ಲ ಎಂದು ಬೈರನಿಗೆ ಗೊತ್ತಿತ್ತು.

ಯುಗಾದಿಯ ಮುಂಜಾನೆ, ಅಂದು ಶುಕ್ರವಾರ, ಅವನು ಕಾಲುವೆಗೆ ಅರಿಶಿನ ಕುಂಕುಮ ಹಾಕಿ, ಏಳನೇ ತೂಬಿನ ಹಲಗೆ ಎತ್ತಿದ. ಒಂದು ಗಳಿಗೆ ಬಿಟ್ಟು ಇಳಿಸಿ ಬೀಗ ಹಾಕಿದ. ಆಮೇಲೆ ಒಂದರಿಂದ ಆರರವರೆಗೆ ಹಾರ ಹಾಕಿಸಿಕೊಂಡ ಸಾಹೇಬರ ಮುಂದೆ, ಊರಿನ ಮುಂದೆ ನೀರು ಹರಿಯಿತು. ಮೂರು ವರ್ಷದ ಮೇಲೆ ಬೇವಿನಕುಂಟೆಯ ಮಣ್ಣು ನೆನೆದ ವಾಸನೆ ಬಂತು. ಬೈರನ ಕಣ್ಣು ತುಂಬಿತು. ಯಾರೂ ನೋಡಲಿಲ್ಲ.

ಸೋಮವಾರ ಬೆಳಗ್ಗೆ ಅವನು ಕೊನೆಯವರೆಗೂ ನಡೆದು ನೋಡಲು ಹೋದ. ಏಳನೇ ತೂಬಿನ ಹಲಗೆ ಪೂರ್ತಿ ಕೂತಿರಲಿಲ್ಲ. ಹಲಗೆ ಇಳಿಯುವ ಸೀಳಿನಲ್ಲಿ ಒಂದು ಬೆಣಚುಕಲ್ಲು ಸಿಕ್ಕಿಕೊಂಡು, ಸಂದಿನಿಂದ ಬೆರಳು ದಪ್ಪದ ನೀರು ಮೂರು ದಿನವೂ ಒಸರಿತ್ತು. ಕಲ್ಲು ಕಿತ್ತು, ಹಲಗೆ ಒದ್ದು ಕೂರಿಸಿ, ಒಸರಿದ ನೀರಿನ ಜಾಡು ಹಿಡಿದು ಮಣ್ಣಿನ ಕಾಲುವೆಯಲ್ಲಿ ನಡೆದ. ಮುನಿವೆಂಕಟಮ್ಮನ ಗದ್ದೆ ಒಣಗಿಯೇ ಇತ್ತು. ಹಾಗಾದರೆ ನೀರು ಎಲ್ಲಿಗೆ ಹೋಯಿತು? ನೂರು ಹೆಜ್ಜೆ ಹಿಂದಕ್ಕೆ ಬಂದ. ಕಾಲುವೆಯ ಎಡಮಗ್ಗುಲಿಗೆ ಒಂದು ಏಡಿ ಬಿಲ. ಬಾಯಿ ಒದ್ದೆ, ಸುತ್ತಲಿನ ಮಣ್ಣು ನುಣ್ಣಗಾಗಿತ್ತು. ನೀರೆಲ್ಲ ಅಲ್ಲಿಗೇ ಇಳಿದಿತ್ತು.

ಅವನು ತಲೆಯೆತ್ತಿದ. ಬಿಲದಿಂದ ಎಂಟು ಮಾರು ಆಚೆ ಊರ ಸಿಹಿನೀರ ಬಾವಿಯ ಕಟ್ಟೆ ಕಾಣುತ್ತಿತ್ತು. ಹೆಂಗಸರು ನೀರು ಸೇದುತ್ತಿದ್ದರು, ರಾಟೆ ಕಿರುಗುಟ್ಟುತ್ತಿತ್ತು.

ಏಡಿ ಬಿಲಗಳು ಎಲ್ಲಿಗೆ ಹೋಗುತ್ತವೆ ಎಂಬುದು ಬೈರನಿಗಿಂತ ಚೆನ್ನಾಗಿ ಗೊತ್ತಿದ್ದವರು ಆ ಸೀಮೆಯಲ್ಲೇ ಇರಲಿಲ್ಲ. ಆದರೂ ಅವತ್ತೆಲ್ಲ ಅವನು ತನಗೆ ತಾನೇ ಸುಳ್ಳು ಹೇಳಿಕೊಂಡ. ಭೂಮಿ ಹೀರಿರುತ್ತೆ. ಬಾವಿ ಕಲ್ಲಿನದು. ಮೂರು ದಿನ ತಿಳಿಯಾದ ನೀರು ತಾನೆ, ಕೊಳಕೇನಲ್ಲ. ಬಿಲಕ್ಕೆ ಮಣ್ಣು ಜಡಿದು, ಕಾಲಿನಿಂದ ತುಳಿದು, ಮನೆಗೆ ಬಂದು, ಉಣ್ಣದೆ ಮಲಗಿದ.

ಮಂಗಳವಾರ ಬೆಳಗ್ಗೆ ಮುನಿಲಕ್ಷ್ಮಮ್ಮ ಸೌದೆ ತರಲು ಹೋದವಳು ಬರಿಗೈಲಿ ಬಂದಳು.

“ಬೋರಣ್ಣಗೌಡ್ರ ಮೊಮ್ಮಗ್ಳು ಸರಸ್ವತಿಗೆ ವಾಂತಿಬೇದಿಯಂತೆ. ಕಣ್ಣು ಒಳೀಕ್ ಹೋಗವಂತೆ. ಅದೇ ಬೀದೀಲಿ ಇನ್ನೆರಡು ಮನೇಲೂ ಸುರುವಾಗೈತಂತೆ.”

ಬೈರನ ಕೈಯಲ್ಲಿದ್ದ ಮುದ್ದೆಯ ತುತ್ತು ತಣಿಗೆಗೆ ಬಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬೈರ ಸೊಂಟ ಮುಟ್ಟಿ ನೋಡಿಕೊಂಡ. ಕೀಲಿಕೈ ಅಲ್ಲೇ ಇತ್ತು, ತಣ್ಣಗೆ. ಮೂವತ್ತು ವರ್ಷ ಜೊತೆಗೆ ಬಾಳಿದವಳಿಗೆ ಅಷ್ಟು ಸಾಕಾಯಿತು.

“ಏನ್ ಮಾಡ್ದೆ?”

ಹೇಳಿದ. ಅವಳು ಬಾಗಿಲು ಹಾಕಿಬಂದು ಪಿಸುಗುಟ್ಟಿದಳು.

“ಬಾಯ್ ಮುಚ್ಕೊಂಡಿರು. ನಿನ್ ದಮ್ಮಯ್ಯ. ಕೇರಿಯವ್ನು ಬಾವಿ ಕೆಡ್ಸಿದ ಅಂದ್ರೆ ನಮ್ ಗುಡ್ಲು ಒಂದೂ ಉಳಿಯಲ್ಲ. ಎಲ್ಲಾರ್ನೂ ಸುಟ್ಟಾಕ್ತಾರೆ. ಬಿಸ್ಲು ಜಾಸ್ತಿ, ಮಾವಿನ್ಕಾಯಿ ತಿಂದಿರ್ತಾವೆ ಹೈಕ್ಳು. ನಿನ್ ನೀರಿಂದ್ಲೇ ಆಯ್ತು ಅಂತ ಯಾವ್ ದ್ಯಾವ್ರು ಬಂದು ಹೇಳ್ದ?”

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿತು. ಬಾಯಿಬಿಟ್ಟರೆ ಕೇರಿಗೆ ಕೇಡು, ತಿರುಮಲೇಶನ ತಲೆದಂಡ, ನೂರೆಂಬತ್ತು ಎಕರೆಗೆ ಮತ್ತೆ ಬರ, ಆಮೇಲೆ ತಾನು ಮತ್ತೆ ಬೈರ. ಬಾಯಿ ಮುಚ್ಚಿದರೆ ಆ ಮೂರು ಮನೆ ನಾಳೆ ಆರಾಗಬಹುದು. ಅಥವಾ ಏನೂ ಆಗದಿರಬಹುದು, ಅದು ಮಾವಿನಕಾಯಿಯೇ ಇರಬಹುದು. ಇರಬಹುದು ಎನ್ನುವುದು ಎಂಥ ಹಾಳು ಮಾತು! ಗೊತ್ತಾಗಬೇಕಾದರೆ ಬಾವಿಯ ನೀರನ್ನು ನಾಲಗೆಗೆ ಹಾಕಿಕೊಳ್ಳಬೇಕು. ಕೆರೆ ನೀರು, ಒರತೆ ನೀರು, ಮಳೆ ನೀರು, ಯಾವುದನ್ನಾದರೂ ಅವನ ನಾಲಗೆ ಕಣ್ಣು ಕಟ್ಟಿದರೂ ಹೇಳುತ್ತಿತ್ತು. ಆದರೆ ಊರಿನ ಅಷ್ಟು ನೀರಲ್ಲಿ ಅವನ ನಾಲಗೆ ನೋಡದ್ದು ಆ ಬಾವಿಯ ನೀರೊಂದೇ. ಕೇರಿಯವರು ಕುಡಿಯುತ್ತಿದ್ದುದು ಕೇರಿಯ ಪಕ್ಕದ ಕುಂಟೆಯ ನೀರು.

ಅವನು ಗೌಡರ ಹಿತ್ತಿಲಿಗೆ ಹೋದ. ಗೌಡರು ಡಾಕ್ಟರನ್ನು ಕರೆತರಲು ಗಾಡಿ ಕಟ್ಟಿಸುತ್ತಿದ್ದರು. ಗೌಡರ ಹೆಂಡತಿ ನಾರಾಯಣಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ರಾತ್ರಿಯೆಲ್ಲ ಮೊಮ್ಮಗಳ ಪಕ್ಕ ಕೂತ ಕಣ್ಣು.

“ಏನೋ ಬೈರ, ಈ ಹೊತ್ನಲ್ಲಿ?”

“ಗಂಟ್ಲು ಒಣಗೈತೆ ಅಮ್ಮೋರೆ. ಒಂದ್ ಗುಟ್ಕು ನೀರು.”

ಸಿಡುಕಲಿಲ್ಲ ಆಕೆ, ಅದು ಅವಳ ಒಳ್ಳೆಯತನ. ಚೆಂಬು ತಂದು ಮೇಲಿನಿಂದ ಹೊಯ್ದಳು. ಬೈರ ಬಗ್ಗಿ, ಬೊಗಸೆಯೊಡ್ಡಿ, ಬಾಯಿಗೆ ತೆಗೆದುಕೊಂಡು, ನುಂಗದೆ ಹಿಡಿದ. ಮೊದಲು ತಂಪು. ಆಮೇಲೆ ಒರತೆಯ ಸಿಹಿ. ಅದರ ಹಿಂದೆ, ನಾಲಗೆಯ ಬುಡಕ್ಕೆ, ಬಟ್ಟೆ ಸೋಪಿನ ಕಹಿ. ಬೇವಿನಕುಂಟೆಯಲ್ಲಿ ಬಟ್ಟೆಗೆ ಸೋಪು ಹಾಕುವವರು ಯಾರು? ಚೌಳುಮಣ್ಣು, ಸೀಗೆ, ಅಷ್ಟೇ. ಅದು ಜಯನಗರದ ಸೋಪು. ಬಾಯಲ್ಲಿದ್ದುದು ಕಲಗಚ್ಚು.

ಆಕೆ ನೋಡುತ್ತಿದ್ದಳು. ಅವನು ನುಂಗಿದ.

ಕಾಲು ತಾನಾಗಿ ಜಯನಗರದ ದಾರಿ ಹಿಡಿಯಿತು. ತಿರುಮಲೇಶನಿಗೆ ಹೇಳಿಬಿಡಬೇಕು, ಅವನೇನಾದರೂ ಮಾಡುತ್ತಾನೆ, ಓದಿದವನು. ಊರ ಬಾಗಿಲು ದಾಟುವುದರೊಳಗೆ ಹಿಂದೆ ಹಿತ್ತಾಳೆ ಕೊಡದ ಸದ್ದಾಯಿತು. ನಾರಾಯಣಮ್ಮ ಬಾವಿಯ ಕಡೆಗೆ ಬರುತ್ತಿದ್ದಳು, ಜೊತೆಗೆ ಇನ್ನೂ ಮೂವರು ಹೆಂಗಸರು. ಒಬ್ಬಳೊಡನೆ ಆಕೆ ಹೇಳುತ್ತಿದ್ದುದು ಬೈರನ ಕಿವಿಗೆ ಬಿತ್ತು:

“ನೀರು ನೀರು ಅಂತದೆ ಕಣೇ ಕೂಸು. ಹೊಸ ನೀರೇ ಕುಡಿಸೋಣ ಅಂತ ಬಂದೆ.”

ಎರಡು ಮೈಲಿ ಹೋಗಿ, ಸಾಹೇಬ ಬಂದು, ಬಾವಿ ನೋಡಿ, ಬೀಗ ಹಾಕಿಸುವ ಹೊತ್ತಿಗೆ ಆ ಕೂಸಿನ ಹೊಟ್ಟೆಗೆ ಎಷ್ಟು ಲೋಟ ಇಳಿದಿರುತ್ತದೆ? ಬೈರ ತಿರುಗಿ ಓಡಿದ.

“ಅಮ್ಮೋರೆ, ಸೇದ್ಬೇಡಿ! ನೀರು ಸರಿ ಇಲ್ಲ!”

“ಯಾಕೋ? ಈಗ ತಾನೆ ಕುಡ್ದೆಯಲ್ಲ?”

“ಅದ್ಕೇ ಹೇಳ್ತಿವ್ನಿ. ಬ್ಯಾಡಿ ಅಮ್ಮೋರೆ. ಕೂಸಿಗಂತೂ ಬ್ಯಾಡಿ.”

“ನೀನೇನೋ ಕಂಡೆ ನಮ್ ಬಾವಿ ನೀರ?” ಎಂದಳು ಇನ್ನೊಬ್ಬಳು. “ದೂರ ನಿಲ್ಲು, ನೆರಳು ಬೀಳ್ತದೆ.”

ಏಳನೇ ತೂಬು, ಬೆಣಚುಕಲ್ಲು, ಏಡಿ ಬಿಲ, ಸೋಪು, ಯಾವುದರಿಂದ ಶುರುಮಾಡುವುದೆಂದು ಅವನಿಗೆ ತೋಚಲಿಲ್ಲ. ನಾಲ್ಕು ಸಲ ‘ಬ್ಯಾಡಿ’ ಎಂದ. ಅವರು ಕೇಳಿಸಿಕೊಳ್ಳಲೂ ಇಲ್ಲ. ಸರದಿ ಹಂಚುವ ನೀರುಗಂಟಿಯ ಮಾತಿಗೆ ಗದ್ದೆಯಲ್ಲಿ ಬೆಲೆ, ಬಾವಿಯ ಹತ್ತಿರ ಏನು ಬೆಲೆ? ರಾಟೆ ಕಿರುಗುಟ್ಟಿತು. ಬಕೆಟ್ಟು ಇಳಿಯಿತು, ತುಂಬಿತು, ಮೇಲೆ ಬಂತು. ನಾರಾಯಣಮ್ಮ ಕೊಡವನ್ನು ಹತ್ತಿರಕ್ಕೆಳೆದಳು.

ಆ ಬಾವಿಗೆ ಹಾಕಬಹುದಾದ ಒಂದೇ ಒಂದು ಬೀಗವಿತ್ತು. ಅದರ ಕೀಲಿಕೈ ಉಡುದಾರದಲ್ಲಿರಲಿಲ್ಲ, ಬೈರನ ಮೈಯೇ ಆಗಿತ್ತು. ಅವನು ಕಣ್ಣು ಮುಚ್ಚಿಕೊಂಡು ಕಟ್ಟೆ ಹತ್ತಿದ. ಬಕೆಟ್ಟಿನೊಳಕ್ಕೆ ಎರಡೂ ಕೈಗಳನ್ನು ಮೊಣಕೈವರೆಗೆ ಅದ್ದಿದ. ಹಗ್ಗ ಹಿಡಿದ, ರಾಟೆ ಮುಟ್ಟಿದ, ಕೊಡ ಮುಟ್ಟಿದ. ಆಮೇಲೆ ಬಕೆಟ್ಟನ್ನು ಹಗ್ಗದ ಸಮೇತ ಬಾವಿಯೊಳಕ್ಕೆ ಬಿಟ್ಟುಬಿಟ್ಟ.

ಕೆಳಗೆ ಬಕೆಟ್ಟು ಬಿದ್ದ ಸದ್ದು ಕೇಳಿತು. ಆಮೇಲೆ ನಾಲ್ವರು ಹೆಂಗಸರೂ ಒಟ್ಟಿಗೆ ಕೂಗಿಕೊಂಡರು.

ಬೋರಣ್ಣಗೌಡರು ಗಾಡಿಯ ಬಾರುಕೋಲು ಹಿಡಿದೇ ಓಡಿಬಂದರು. ಮೊದಲ ಏಟು ಹೆಗಲಿಗೆ ಬಿತ್ತು, ಎರಡನೆಯದು ಕಿವಿಗೆ. ಬೈರ ಕಟ್ಟೆಯಿಂದ ಇಳಿಯಲಿಲ್ಲ. ಇಳಿದರೆ ಮಾತು ನಿಂತುಹೋಗುತ್ತದೆ ಎಂದು ಅವನಿಗೆ ಭಯ.

“ಹೊಡೀರಿ ಗೌಡ್ರೆ. ನಂದೇ ತಪ್ಪು. ಏಳನೇ ತೂಬು ತೆಗೀಬ್ಯಾಡ ಅಂದಿದ್ರು ಇಂಜಿನೇರು, ನಾನು ಕಡೆಗದ್ದೆ ಕಟ್ಟಳೆ ಅಂತ ತೆಗ್ದೆ. ಹಲ್ಗೆ ಸರಿಯಾಗ್ ಕೂರ್ಲಿಲ್ಲ. ಮೂರು ದಿವ್ಸ ಕಲಗಚ್ಚು ಏಡಿ ಬಿಲದಾಗೆ ಇಳ್ದೈತೆ. ಬಾವೀಲಿ ಸೋಪಿನ ರುಚಿ ಐತೆ. ಸರಸ್ವತಮ್ಮನ್ನ ದೊಡ್ಡಾಸ್ಪತ್ರೆಗೆ ಎತ್ಕೊಂಡೋಗಿ. ಈ ನೀರು ಮಾತ್ರ ಕುಡಿಸ್ಬ್ಯಾಡಿ.”

ಬಾರುಕೋಲು ಗಾಳಿಯಲ್ಲೇ ನಿಂತಿತು.

“ಬಾಯಲ್ಲಿ ಹೇಳ್ಬಾರ್ದಿತ್ತೇನೋ ಮುಂಡೇದೆ? ಬಾವಿ ಯಾಕೋ ಮುಟ್ದೆ?”

“ಬಾಯಲ್ಲೇ ಹೇಳ್ದೆ ಗೌಡ್ರೆ. ಅಮ್ಮೋರ್ನೇ ಕೇಳಿ. ಬಾಯಿ ಮಾತ್ಗೆ ಯಾರೂ ನಿಲ್ಲಿಲ್ಲ.”

ಗೌಡರು ಹೆಂಡತಿಯ ಮುಖ ನೋಡಿದರು. ನಾರಾಯಣಮ್ಮ ಬರಿಗೊಡವನ್ನು ನೋಡುತ್ತ ನಿಂತಿದ್ದಳು.

ಸುದ್ದಿ ಮುಟ್ಟಿ ಮಧ್ಯಾಹ್ನಕ್ಕೆ ತಿರುಮಲೇಶ ಬಂದ, ಹಿಂದೆ ಆಫೀಸಿನ ಜೀಪು, ಹೆಲ್ತ್ ಇನ್‌ಸ್ಪೆಕ್ಟರು, ಬ್ಲೀಚಿಂಗ್ ಪುಡಿಯ ಡಬ್ಬ, ಸಂಜೆಗೆ ಕುಡಿಯುವ ನೀರಿನ ಲಾರಿ. ಮೂರೂ ಮನೆಯ ರೋಗಿಗಳನ್ನು ಜೀಪಿನಲ್ಲೇ ಆಸ್ಪತ್ರೆಗೆ ಸಾಗಿಸಿದರು. ಊರಿಗೆಲ್ಲ ಸೂಜಿ ಚುಚ್ಚಿದರು, ಕೇರಿಗೂ. ಬೈರ ಕೀಲಿಕೈ ಬಿಚ್ಚಿ ತಿರುಮಲೇಶನ ಕಾಲ ಬಳಿ ಇಟ್ಟ. ಆ ಹುಡುಗ ಬಗ್ಗಿ ಅದನ್ನು ಎತ್ತಿಕೊಂಡ.

“ಬಾವಿ ಇದೆ, ಅದಕ್ಕೇ ಬೇಡ ಅಂತ ಒಂದು ಮಾತು ನಾನು ನಿಂಗೆ ಹೇಳ್ಲಿಲ್ಲ ಕಣಯ್ಯ. ನಕ್ಷೆ ಮೇಲೆ ಬರೆದಿದ್ದೆ. ನಿಂಗೆ ಓದಕ್ಕೆ ಬರಲ್ಲ ಅನ್ನೋದು ನಂಗೆ ಗೊತ್ತಿತ್ತು.”

ಆಮೇಲಿನ ಮೂರು ದಿನ ಬೈರ ಒಣಗಿದ ಕೆರೆಯ ಏರಿಯ ಮೇಲೆ ಕೂತಿದ್ದ. ಆಸ್ಪತ್ರೆಯ ದಾರಿ ಅಲ್ಲಿಂದ ಕಾಣುತ್ತಿತ್ತು. ದೂರದಲ್ಲಿ ಗಾಡಿ ಕಂಡರೆ ಎದ್ದು ನಿಲ್ಲುತ್ತಿದ್ದ, ಹತ್ತಿರ ಬಂದರೆ ಮುಖ ತಿರುಗಿಸುತ್ತಿದ್ದ. ಗಾಡಿಯಲ್ಲಿ ಕೂಸು ಕೂತು ಬರುತ್ತದೋ, ಬಟ್ಟೆ ಸುತ್ತಿಕೊಂಡು ಬರುತ್ತದೋ? ಮುನಿಲಕ್ಷ್ಮಮ್ಮ ಮುದ್ದೆ ತಂದಿಟ್ಟು ಮುದ್ದೆ ವಾಪಸು ತೆಗೆದುಕೊಂಡು ಹೋಗುತ್ತಿದ್ದಳು. ಸರಸ್ವತಿ ಸತ್ತರೆ ತಾನೂ ಕೆರೆಗೆ ಹಾರಬೇಕು, ಕೆರೆಯಲ್ಲಿ ನೀರೂ ಇಲ್ಲವಲ್ಲ ಎಂದು ಅವನಿಗೆ ಅನ್ನಿಸಿತಂತೆ. ಮುಂದೆ ಎಷ್ಟೋ ವರ್ಷಕ್ಕೆ ಇದನ್ನು ಹೇಳಿ ನಗುತ್ತಿದ್ದ, ನಗುತ್ತ ಕಣ್ಣೊರೆಸಿಕೊಳ್ಳುತ್ತಿದ್ದ. ಶುಕ್ರವಾರ ಸಂಜೆ ಗೌಡರ ಗಾಡಿ ಬಂತು. ಕೂಸು ನಾರಾಯಣಮ್ಮನ ತೊಡೆಯ ಮೇಲೆ ಕೂತು ಕಬ್ಬಿನ ತುಂಡು ಕೇಳಿ ರಚ್ಚೆ ಹಿಡಿದಿತ್ತು. ಉಳಿದಿಬ್ಬರೂ ಮಾರನೆಯ ವಾರ ಮನೆಗೆ ಬಂದರು.

ಬಾವಿಯ ನೀರು ಕುಡಿಯಲು ಯೋಗ್ಯವಲ್ಲ ಎಂದು ಪರೀಕ್ಷೆಯ ಕಾಗದ ಬಂತು. ನೀರೆಲ್ಲ ಹೊರಹಾಕಿ, ಪುಡಿ ಹಾಕಿ, ಇನ್‌ಸ್ಪೆಕ್ಟರು ಇನ್ನು ಕುಡಿಯಬಹುದು ಎಂದು ಹೇಳಿಹೋದ ಮೇಲೆ ಊರಿನವರು ಐನೋರನ್ನು ಕರೆಸಿ, ಗಂಜಲ ಚೆಲ್ಲಿ, ಪುಣ್ಯಾಹ ಮಾಡಿಸಿದರು. ಜಯನಗರದ ಕೊಳಕಿಗಲ್ಲ. ಅದಕ್ಕೆ ಪುಡಿಯೇ ಸಾಕಾಗಿತ್ತು. ಬೈರನ ಎರಡು ಕೈಗಳಿಗೆ! ಆ ದಿನ ಊಟಕ್ಕೆ ಪಾಯಸ ಇತ್ತು, ಕೇರಿಗೂ ಕೊಟ್ಟರು. ಬೈರ ತಿನ್ನಲಿಲ್ಲ. ಕೇರಿಗೆ ಯಾರೂ ಬೆಂಕಿ ಇಡಲಿಲ್ಲ, ಅದಕ್ಕೆ ನಾರಾಯಣಮ್ಮ ಗಂಡನ ಹತ್ತಿರ ಆಡಿದ ಮಾತು ಕಾರಣ ಎಂದು ಹೇಳುತ್ತಾರೆ. ಏನು ಮಾತು ಎಂದು ಮಾತ್ರ ಯಾರಿಗೂ ಗೊತ್ತಿಲ್ಲ.

ಕೀಲಿಕೈ ಎರಡು ತಿಂಗಳು ಗೌಡರ ತಮ್ಮನ ಕೈಯಲ್ಲಿತ್ತು. ಒಂದನೇ ತೂಬಿನವರು, ಎರಡನೆಯವರು ಗದ್ದೆಗೆ ಹೊಟ್ಟೆ ಬಿರಿಯ ನೀರು ಕುಡಿಸಿದರು, ಐದು ಆರರವರು ಗುದ್ದಲಿ ಹಿಡಿದು ಬಡಿದಾಡಿದರು, ಒಬ್ಬನ ತಲೆ ಒಡೆಯಿತು. ಅಷ್ಟರಲ್ಲಿ ಸಿಮೆಂಟು ಬಂತು. ತಿರುಮಲೇಶ ಎದುರಿಗೇ ನಿಂತು ಏಳನೇ ತೂಬಿನ ಆಚೆಯ ಫರ್ಲಾಂಗಿಗೆ ಕಲ್ಲು ಕಟ್ಟಿಸಿದ, ಬಾವಿಯ ಸುತ್ತಲೂ ಗಾರೆ ಹಾಕಿಸಿದ. ಆಮೇಲೆ ಮೇಲಿನ ಸಾಹೇಬರ ಹತ್ತಿರ ಮೂರು ಸಲ ಬೈಸಿಕೊಂಡು, ನಾಲ್ಕನೆಯ ಸಲ ಚಿಕ್ಕಬೈರಪ್ಪನ ಹೆಸರನ್ನು ಹಾಜರಿ ಪುಸ್ತಕದಲ್ಲಿ ಮತ್ತೆ ಬರೆಸಿದ. ಹಿಂದೆ ಬಾಯಲ್ಲಿ ಹೇಳಿದ್ದ ಮೂರು ನಿಯಮಗಳನ್ನೂ ಅದರಲ್ಲಿ ಬರೆದು, ಕೆಳಗೆ ತನ್ನ ಕೈಯಲ್ಲೇ ನಾಲ್ಕನೆಯದೊಂದು ಸೇರಿಸಿ, ಗಟ್ಟಿಯಾಗಿ ಓದಿ ಹೇಳಿದ: ವರ್ಷದ ಮೊದಲ ನೀರು ಏಳನೇ ತೂಬಿಗೆ.

ಮರುವರ್ಷದ ಯುಗಾದಿಗೆ ಚಿಕ್ಕಬೈರಪ್ಪ ಏಳನೇ ತೂಬು ಎತ್ತಿ, ಹರಿಯುವ ನೀರಿನ ಮೂತಿಯ ಜೊತೆಗೇ ಬಗ್ಗಿ ನಡೆದ. ಒಂದೊಂದು ಕಲ್ಲಿನ ಸಂದಿಯನ್ನೂ ಬೆರಳಿನಿಂದ ಮುಟ್ಟಿದ. ಮುನಿವೆಂಕಟಮ್ಮನ ಗದ್ದೆ ನೆನೆಯಿತು. ಹಲಗೆ ಇಳಿಸಿ, ಸೀಳಿಗೆ ಕೈಹಾಕಿ ಕಲ್ಲಿಲ್ಲವೆಂದು ನೋಡಿ, ತಿರುಗಿದರೆ ಬಾವಿಯ ಹತ್ತಿರ ಹೆಂಗಸರು ಬರಿಗೊಡ ಇಟ್ಟುಕೊಂಡು ನಿಂತಿದ್ದರು. ಯಾರೂ ಸೇದುತ್ತಿರಲಿಲ್ಲ. ನಾರಾಯಣಮ್ಮ ಮಾತ್ರ ಒಂದು ಬಕೆಟ್ಟು ಸೇದಿ, ಚೆಂಬಿಗೆ ತುಂಬಿಕೊಂಡು, ಕಟ್ಟೆಯ ಅಂಚಿಗೆ ಬಂದಳು.

“ಚಿಕ್ಕಬೈರಪ್ಪ, ಸ್ವಲ್ಪ ರುಚಿ ನೋಡಿ ಹೇಳಪ್ಪ.”

ಅವನು ಕೆಳಗೆ ನಿಂತು ಬೊಗಸೆಯೊಡ್ಡಿದ. ಆಕೆ ಮೇಲಿನಿಂದಲೇ ಹೊಯ್ದಳು. ಅವನು ನೀರನ್ನು ಬಾಯಲ್ಲಿ ಹಿಡಿದು, ಕಣ್ಣು ಮುಚ್ಚಿ, ನಾಲಗೆಯ ಬುಡದವರೆಗೆ ಹುಡುಕಿ, ನುಂಗಿದ.

“ಸಿಹಿಯಾಗೈತೆ ಅಮ್ಮೋರೆ. ಸೇದಿ.”

ಆಮೇಲೆ ಅದು ಯುಗಾದಿಯ ಪದ್ಧತಿಯೇ ಆಗಿಹೋಯಿತು. ಊರಿಗೆ ನಲ್ಲಿ ಬರುವವರೆಗೆ, ಒಂಬತ್ತು ವರ್ಷ, ಅವನ ನಾಲಗೆ ಹೂಂ ಅನ್ನದೆ ಹಗ್ಗ ಬಾವಿಗೆ ಇಳಿಯುತ್ತಿರಲಿಲ್ಲ. ಅಷ್ಟು ವರ್ಷವೂ ಅವನು ಕಟ್ಟೆಯ ಕೆಳಗೇ ನಿಂತು, ಬೊಗಸೆಯಲ್ಲೇ ಕುಡಿದ.